ದಪ್ಪ ತಂತಿಯ ಪಕ್ಷದವರಿಗೆ

ನನ್ನ ಬಳಿ ಕಲಿಯುವ ಹದಿನೈದರ ಹುಡುಗಿಯೊಬ್ಬಳ ಬೇಸ್ ಗಿಟಾರಿನಿಂದ 45-105ರ ಸೆಟ್ ಬಿಚ್ಚಿ 40-100ರ ಸೆಟ್ ಹಾಕಿಕೊಟ್ಟೆ. ಸೆಟ್ಟಿನ ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪವನ್ನು ಇಂಚಿನ ಸಾವಿರ ಪಾಲಿನಲ್ಲಿ ಹೇಳುವ ಅಳತೆ ಇದು; 100 ಎಂದರೆ ಇಂಚಿನ ಹತ್ತನೇ ಒಂದು ಪಾಲು. ಇಷ್ಟು ಸಣ್ಣ ಬದಲಾವಣೆಗೆ ನನ್ನ ಜೊತೆಯಲ್ಲಿ ನುಡಿಸುವ ಗೆಳೆಯರಾದ ನೀವು ಎತ್ತಿದ ಆಕ್ಷೇಪಗಳು ಸಣ್ಣವಲ್ಲ. ಉತ್ತರ ಕೊಡಲೇಬೇಕು.

ತಂತಿ ದಪ್ಪವಾದಷ್ಟೂ ನಾದ ತುಂಬಿಬರುತ್ತದೆ, ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರನ್ನೇ ನೋಡಿ ಎನ್ನುತ್ತೀರಿ. ನೋಡೋಣ. ಅವರ ಫೆಂಡರ್ ಪ್ರಿಸಿಷನ್ನಿನಲ್ಲಿದ್ದದ್ದು ಲಾ ಬೆಲ್ಲಾ ಕಂಪನಿಯ 52-110ರ ಸೆಟ್, ನಿಜ. ಆದರೆ ಅವು ಚಪ್ಪಟೆ ಸುತ್ತಿನ ತಂತಿಗಳು. ತುಂಡಾಗುವವರೆಗೂ ಅವರು ಅವನ್ನು ಬದಲಿಸುತ್ತಿರಲಿಲ್ಲ, ಬ್ರಿಡ್ಜಿನ ಮುಚ್ಚಳದಡಿ ಸ್ಪಂಜೂ ಇತ್ತು. ಆ ಗುಂಡಗಿನ ನಾದದಲ್ಲಿ ಇವೆಲ್ಲದರ ಪಾಲಿದೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಅವರು ಮೊದಲು ಕಲಿತದ್ದು ನಿಂತು ನುಡಿಸುವ ಡಬಲ್ ಬೇಸ್. ಅದರಲ್ಲಿ ಪಳಗಿದ ಕೈಗೆ 110 ಭಾರವೆನಿಸಲಿಲ್ಲ. ಅವರ ಸೆಟ್ ಅವರ ಕೈಗೆ ಒಪ್ಪಿತು, ಅಷ್ಟೇ. ಲೆವೆಲ್ 42 ಬ್ಯಾಂಡಿನ ಮಾರ್ಕ್ ಕಿಂಗ್ ಹೆಬ್ಬೆರಳಿನ ಬಡಿತಕ್ಕೆ ಆರಿಸಿಕೊಂಡದ್ದು 30-90. ಅವರ ನುಡಿಸಾಣಿಕೆಯನ್ನು ಬಡಕಲು ಎನ್ನುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ?

ಕಿವಿಗೆ ದಪ್ಪ ಕೇಳುವುದಕ್ಕಿಂತ ಮೊದಲು ಬೆರಳಿಗೆ ಬಿಗಿತ ತಿಳಿಯುತ್ತದೆ. ಈ ಬಿಗಿತ ಮೂರು ಸಂಗತಿಗಳ ಲೆಕ್ಕ: ತಂತಿಯ ತೂಕ, ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ, ಶ್ರುತಿ. 100ರಿಂದ 105ಕ್ಕೆ ಹೋದರೆ ಬಿಗಿತ ಹೆಚ್ಚುಕಡಿಮೆ ಶೇ. 10ರಷ್ಟು ಏರುತ್ತದೆ. ಅದೇ ತಂತಿಯನ್ನು 34 ಇಂಚಿನ ಬೇಸಿನಿಂದ 30 ಇಂಚಿನದಕ್ಕೆ ತಂದರೆ ಶೇ. 22ರಷ್ಟು ಇಳಿಯುತ್ತದೆ. ಹೀಗಿರುವಾಗ ವಾದ್ಯ ಯಾವುದೆಂದು ಕೇಳದೆ 105 ಎಂದು ಅಪ್ಪಣೆ ಕೊಡುವುದು ಹೇಗೆ?

ಮೊದಲಿಂದಲೇ ದಪ್ಪ ತಂತಿಯಲ್ಲಿ ಕಲಿತರೆ ಬೆರಳು ಗಟ್ಟಿಯಾಗುತ್ತದೆ ಎಂಬುದು ಇನ್ನೊಂದು ವಾದ. ಇದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಆ ಹುಡುಗಿ ಮೊದಲ ಫ್ರೆಟ್ ಒತ್ತಲು ಮಣಿಕಟ್ಟು ಮುರಿದಂತೆ ಬಗ್ಗಿಸುತ್ತಿದ್ದಳು, ಕಿರುಬೆರಳನ್ನು ಬಳಸುವುದನ್ನೇ ಬಿಟ್ಟಿದ್ದಳು. ಅದರಿಂದ ಬಂದದ್ದು ಶಕ್ತಿಯಲ್ಲ, ಕೆಟ್ಟ ಅಭ್ಯಾಸ. ತಂತಿ ಬದಲಿಸಿದ ಮೇಲೆ ಕಿರುಬೆರಳು ಮತ್ತೆ ಕೆಲಸಕ್ಕೆ ಬಂತು.

ತೆಳು ತಂತಿ ಫ್ರೆಟ್ಟಿಗೆ ಬಡಿದು ಗರಗರ ಎನ್ನುತ್ತದೆ ಎಂದಿರಿ. ಹೌದು, ಬರೀ ತಂತಿ ಬದಲಿಸಿ ಸುಮ್ಮನಾದರೆ ಗರಗರ ಎನ್ನುತ್ತದೆ. ಎಳೆತ ತಗ್ಗಿದಾಗ ನೆಕ್ ಹಿಂದಕ್ಕೆ ಸರಿಯುತ್ತದೆ; ನೆಕ್ಕಿನೊಳಗಿನ ಟ್ರಸ್ ರಾಡನ್ನು ತುಸು ಸಡಿಲಿಸಿದರೆ ಸರಿಹೋಗುತ್ತದೆ. ದಪ್ಪ ತಂತಿಗೂ ಆರೈಕೆ ಬೇಕೇ ಬೇಕು. ಒಮ್ಮೆ ಅಂಗಡಿಯೊಂದರಲ್ಲಿ ನನ್ನ ಬೇಸಿಗೆ 110 ಹಾಕಿಸಿದೆ. ನಟ್‌ನ ಗೀರನ್ನು ಅವರು ಅಗಲಿಸಲಿಲ್ಲ. ತಂತಿ ಗೀರಿನೊಳಗೆ ಕೂರದೆ ಮೇಲೆದ್ದು ನಿಂತಿತು, ಮೊದಲ ಮೂರು ಫ್ರೆಟ್‌ಗಳಲ್ಲಿ ಸ್ವರ ಏರಿಯೇ ಕೇಳುತ್ತಿತ್ತು. ಆ ಸಂಜೆ ಕಾರ್ಯಕ್ರಮ ಮುಗಿಯುವವರೆಗೂ ಅಪಸ್ವರ ನುಡಿಸಿದ ಸಂಕಟ ನನಗಿನ್ನೂ ನೆನಪಿದೆ.

ಒಂದು ಕಡೆ ಮಾತ್ರ ನಿಮ್ಮ ಮಾತು ಸರಿ. ಇಡೀ ವಾದ್ಯವನ್ನು ಒಂದು ಪೂರ್ಣ ಸ್ವರ ಇಳಿಸಿ ನುಡಿಸುವವರಿಗೆ ದಪ್ಪ ತಂತಿ ಬೇಕು. 'ಇ' ತಂತಿಯನ್ನು 'ಡಿ'ಗೆ ಇಳಿಸಿದರೆ ಬಿಗಿತ ಶೇ. 20ರಷ್ಟು ಹೋಗುತ್ತದೆ, 105 ಜೋಲುಬೀಳುತ್ತದೆ. ಅಲ್ಲಿ 110 ಕೂಡ ಸಾಲದು, 115 ಹಾಕಿ. ಐದು ತಂತಿಯ ಬೇಸಿನ 'ಬಿ'ಗೆ 125ರಿಂದ 135 ಹಾಕುವುದೂ ಇದೇ ಕಾರಣಕ್ಕೆ.

ಆ ಹುಡುಗಿ ನುಡಿಸುವುದು ಸಾಮಾನ್ಯ ಶ್ರುತಿಯಲ್ಲಿ, 34 ಇಂಚಿನ ಬೇಸಿನಲ್ಲಿ, ತನ್ನ ಪುಟ್ಟ ಕೈಗಳಿಂದ. ನಾಳೆ ಅವಳ ಕೈಯೇ ಹೆಚ್ಚು ಬಿಗಿತ ಕೇಳಿದರೆ 105ರ ಸೆಟ್ ನಾನೇ ಕೊಡಿಸುತ್ತೇನೆ. ಅಲ್ಲಿಯವರೆಗೆ, ದಯವಿಟ್ಟು, ಅವಳ ತಂತಿಗಳನ್ನು ಬದಲಿಸಬೇಡಿ.