ಚುಚ್ಚುವುದು ಅವಳ ಕೈಗೆ, ಹೇಳುವುದು ಯಾರಿಗೆ?

ಕರೋಶಿಯಂಥ ಊರಲ್ಲಿ ಪ್ರೆಸ್ ಇಟ್ಟವನ ಕೈಯಲ್ಲಿ ಎಲ್ಲ ಬಗೆಯ ಕಾಗದವೂ ಹಾಯ್ದು ಹೋಗುತ್ತದೆ. ಲಗ್ನಪತ್ರಿಕೆ ಕನ್ನಡದಲ್ಲಿ. ಜಾತ್ರೆಯ ಕರಪತ್ರ ಕನ್ನಡದಲ್ಲಿ. ತೊಟ್ಟಿಲ ಕಾರ್ಯಕ್ರಮದ ಕಾರ್ಡೂ ಕನ್ನಡದಲ್ಲಿ. ಆದರೆ ಲಗ್ನಕ್ಕೂ ತೊಟ್ಟಿಲಿಗೂ ನಡುವೆ ಹೆರಿಗೆ ಎಂಬುದೊಂದು ಇದೆಯಲ್ಲ, ಅದರ ಕಾಗದ ಮಾತ್ರ ಕನ್ನಡದಲ್ಲಿ ಬರುವುದು ಅಪರೂಪ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ. ಗಡಿ ದಾಟಿ ಮಿರಜಕ್ಕೋ ಕೊಲ್ಹಾಪುರಕ್ಕೋ ಹೋದರೆ ಮಾತೂ ಮರಾಠಿಯಲ್ಲಿ.

ಇದರಿಂದ ಏನಾಗುತ್ತದೆ? ಬ್ಯಾನಿ ತಿನ್ನುತ್ತಿರುವ ಹೆಣ್ಣುಮಗಳ ಕೈಗೆ ಸೂಜಿ ಹೋಗುತ್ತದೆ, ಮೂತ್ರದ ದಾರಿಗೆ ನಳಿಕೆ ಹೋಗುತ್ತದೆ. ಏಕೆಂದು ಅವಳಿಗೆ ಗೊತ್ತಿಲ್ಲ. ಹೊರಗೆ ನಿಂತ ಗಂಡ ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದಿರುತ್ತಾನೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ, ಹುಬ್ಬಳ್ಳಿಯಲ್ಲಿ ಡಿಗ್ರಿ ಮುಗಿಸಿದ ಹುಡುಗನೂ ಈ ವಿಷಯದಲ್ಲಿ ಅನಕ್ಷರಸ್ಥನೇ!

ಗೆಳೆಯರೇ, ನಾನು ಪಿಯುಸಿ ಓದಿದವನು, ಡಾಕ್ಟರನಲ್ಲ. ಸೂಜಿ ಬೇಡ, ನಳಿಕೆ ಬೇಡ ಎಂಬುದು ನನ್ನ ವಾದವೂ ಅಲ್ಲ. ಎಷ್ಟೋ ಸಲ ಅವೇ ಜೀವ ಉಳಿಸುತ್ತವೆ. ಯಾರ ಮೈಗೆ ಚುಚ್ಚುತ್ತೀರೋ ಅವಳಿಗೆ ಅವಳ ಮಾತಿನಲ್ಲಿ ಹೇಳಿ ಚುಚ್ಚಿ ಎಂಬುದಷ್ಟೇ ವಾದ. ಅವರು ಹೇಳುವ ತನಕ ನಾವು ಕಾಯುತ್ತ ಕೂರುವುದೂ ಬೇಡ. ಇಷ್ಟನ್ನು ನಾವೇ ತಿಳಿದಿರೋಣ.

ಮೊದಲು ಸಲಾಯಿನ್. ಕೈಗೆ ಹಾಕುವುದಕ್ಕೆ ಕ್ಯಾನುಲಾ ಎನ್ನುತ್ತಾರೆ. ಚುಚ್ಚುವಾಗ ಸೂಜಿ ಇರುತ್ತದೆ. ರಕ್ತನಾಳ ಸಿಕ್ಕ ಮೇಲೆ ಸೂಜಿ ಹೊರಗೆ ಬಂದು, ಮೆತ್ತನೆಯ ಸಣ್ಣ ಪ್ಲಾಸ್ಟಿಕ್ ಕೊಳವೆ ಮಾತ್ರ ಒಳಗೆ ಉಳಿಯುತ್ತದೆ. ಕೈ ಅಲುಗಿಸಿದರೆ ಸೂಜಿ ಮುರಿಯುತ್ತದೆಂದು ಹೆದರಬೇಕಿಲ್ಲ. ಆ ಜಾಗ ಕೆಂಪಾದರೆ, ಬಾತರೆ, ಉರಿದರೆ ಕೂಡಲೇ ಹೇಳಬೇಕು. ಹೆರಿಗೆಯಾದ ಮೇಲೆ ರಕ್ತ ವಿಪರೀತ ಹೋದರೆ ರಕ್ತನಾಳ ಕುಗ್ಗಿ, ಚುಚ್ಚಲು ಸಿಗುವುದೇ ಕಷ್ಟ. ಅದಕ್ಕೇ ಎಷ್ಟೋ ಕಡೆ ಮೊದಲೇ ದಾರಿ ಮಾಡಿ ಇಟ್ಟಿರುತ್ತಾರೆ. ಇದು ಬುದ್ಧಿವಂತಿಕೆ.

ಆದರೆ ಕ್ಯಾನುಲಾ ಬೇರೆ, ಬಾಟಲಿ ಬೇರೆ. ‘ಸಲಾಯಿನ್ ಹಚ್ಚಿದರ ಶಕ್ತಿ ಬರತೈತಿ’ ಎಂದು ನಮ್ಮವರೇ ಹಟ ಹಿಡಿಯುತ್ತಾರೆ. ಅದರಲ್ಲಿರುವುದು ನೀರು, ಲವಣ, ಕೆಲವು ಬಾಟಲಿಗಳಲ್ಲಿ ಸಕ್ಕರೆ ಅಂಶ. ಹೆರಿಗೆ ಬೇಗ ಆಗಲೆಂದೇ ಸಲಾಯಿನ್ ಏರಿಸುವುದು ಬೇಡ, ತೊಡಕಿಲ್ಲದ ಹೆರಿಗೆಯಲ್ಲಿ ತಾಯಿ ಉಣ್ಣಬಹುದು, ಕುಡಿಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲೇ ಹೇಳಿದೆ.

ಅದೇ ಬಾಟಲಿಯಲ್ಲಿ ಆಕ್ಸಿಟೋಸಿನ್ ಎಂಬ ಬ್ಯಾನಿ ಬರಿಸುವ ಔಷಧ ಸೇರಿಸಿದ್ದರೆ ಮಾತೇ ಬೇರೆ. ಹನಿ ಲೆಕ್ಕ ಹಾಕಿ ಕೊಡಬೇಕಾದ ಔಷಧ ಅದು. ‘ಬಾಟಲಿ ಲಗೂನ ಮುಗೀಲಿ’ ಎಂದು ಅತ್ತೆಯೋ ಗಂಡನೋ ಚಕ್ರ ತಿರುಗಿಸಿದರೆ ಬ್ಯಾನಿ ಅತಿಯಾಗಿ ಕೂಸಿಗೆ ಉಸಿರಿನ ಕೊರತೆಯಾಗಬಹುದು, ಗರ್ಭಕೋಶವೇ ಹರಿಯಬಹುದು. ಆ ಚಕ್ರಕ್ಕೆ ಮನೆಯವರು ಕೈ ಹಚ್ಚಲೇಬಾರದು. ಈ ಒಂದು ಮಾತನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಲು ಎಷ್ಟು ಖರ್ಚು ಸ್ವಾಮಿ?

ಇನ್ನು ಮೂತ್ರದ ನಳಿಕೆ, ಅಂದರೆ ಕ್ಯಾಥೆಟರ್. ಮೂತ್ರಚೀಲ ಇರುವುದು ಗರ್ಭಕೋಶದ ಮುಂದೆಯೇ. ಸಿಸೇರಿಯನ್ ಮಾಡುವಾಗ ಅದು ತುಂಬಿದ್ದರೆ ಗಾಯವಾಗುವ ಭಯ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕಾಲು ಜೋಮು ಹಿಡಿದು ಎದ್ದು ಹೋಗಲೂ ಆಗದು. ಅದಕ್ಕೆ ನಳಿಕೆ. ತುದಿಯಲ್ಲಿ ಸಣ್ಣ ಬಲೂನಿಗೆ ನೀರು ತುಂಬಿರುವುದರಿಂದ ಅದು ಜಾರುವುದಿಲ್ಲ, ಎಳೆದರೆ ಗಾಯವಾಗುತ್ತದೆ. ಚೀಲವನ್ನು ಹಾಸಿಗೆಗಿಂತ ಕೆಳಗೆ ತೂಗುಹಾಕಬೇಕು, ಆದರೆ ನೆಲಕ್ಕೆ ಇಡಬಾರದು. ಸಾಮಾನ್ಯವಾಗಿ ಆಪರೇಷನ್ ಆಗಿ ೧೨ರಿಂದ ೨೪ ತಾಸಿನೊಳಗೆ ತೆಗೆಯುತ್ತಾರೆ. ಹೆಚ್ಚು ಹೊತ್ತು ಉಳಿದಷ್ಟೂ ಸೋಂಕಿನ ಭಯ ಹೆಚ್ಚು. ತೆಗೆದ ಮೇಲೆ ಮೊದಲ ಸಲ ತುಸು ಉರಿಯಬಹುದು. ಆರು ತಾಸಾದರೂ ಮೂತ್ರ ಬಾರದಿದ್ದರೆ ನಾಚದೆ ಹೇಳಬೇಕು.

ಸಹಜ ಹೆರಿಗೆಯಲ್ಲಿ ಎದ್ದು ಓಡಾಡಬಲ್ಲವಳಿಗೆ ಈ ನಳಿಕೆ ಎಲ್ಲರಿಗೂ ಬೇಕೆಂದಿಲ್ಲ. ಆಗಾಗ ಮೂತ್ರಕ್ಕೆ ಹೋಗಿ ಬಂದರೆ ಸಾಕು. ಮೂತ್ರ ಕಟ್ಟಿಕೊಂಡರೆ ಸಣ್ಣ ನಳಿಕೆ ಹಾಕಿ, ಖಾಲಿ ಮಾಡಿ, ಆಗಲೇ ತೆಗೆಯುವುದೂ ಉಂಟು. ಹಾಕುವಾಗ ಪರದೆ ಎಳೆಯಿರಿ ಎಂದು ಕೇಳುವುದು ಅವಳ ಮರ್ಯಾದೆಯ ಪ್ರಶ್ನೆ.

‘ಬಾಟಲಿಯೊಳಗ ಏನೈತಿ’ ಎಂದು ಕೇಳಿದರೆ ಅಧಿಕಪ್ರಸಂಗ ಎನ್ನುವವರು ಬಳ್ಳಾರಿಯನ್ನು ನೆನೆಯಲಿ. ೨೦೨೪ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಿಂಗರ್ ಲ್ಯಾಕ್ಟೇಟ್ ಎಂಬ ಸಲಾಯಿನ್ ಮೇಲೆ ಸಂಶಯ ಬಂದು, ಪಶ್ಚಿಮ ಬಂಗಾಳದ ಕಂಪನಿಯೊಂದರ ಬಾಟಲಿಗಳ ಬಳಕೆಯನ್ನು ಸರ್ಕಾರ ನಿಲ್ಲಿಸಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಲೇಬಲ್ ಓದಿದ್ದರೆ ಆ ತಾಯಂದಿರು ಉಳಿಯುತ್ತಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಕಂಪನಿಯ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಅಚ್ಚು ಮಾಡುವುದು ಓದಲಿಕ್ಕೇ ಹೊರತು ಅಲಂಕಾರಕ್ಕಲ್ಲ.

ಕಾನೂನು ಏನನ್ನುತ್ತದೆ? ಚಿಕಿತ್ಸೆಗೆ ಮುನ್ನ ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ೨೦೦೮ರಲ್ಲೇ ಹೇಳಿದೆ. ಜೀವ ಹೋಗುವ ತುರ್ತಿನಲ್ಲಿ ಡಾಕ್ಟರು ಕಾಯಬೇಕಿಲ್ಲ, ಅದು ಸರಿಯೇ. ಉಳಿದ ವೇಳೆಯಲ್ಲಿ? ತಿಳಿಯದ ಭಾಷೆಯಲ್ಲಿ ಕೊಟ್ಟದ್ದು ಮಾಹಿತಿ ಹೇಗಾದೀತು? ಓದಲಾಗದ ಕಾಗದದ ಮೇಲಿನ ಸಹಿ ಒಪ್ಪಿಗೆ ಹೇಗಾದೀತು? ಇನ್ನೊಂದು ಮಾತು: ೨೦೧೧ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಸಲಾಯಿನ್, ನಳಿಕೆ ಎಲ್ಲವೂ ಪುಕ್ಕಟೆ. ‘ಹೊರಗಿನಿಂದ ತನ್ನಿ’ ಎಂದು ಚೀಟಿ ಕೊಟ್ಟರೆ ಏಕೆಂದು ಕೇಳಿ.

ಕೇಳುವುದೆಂದರೆ ಜಗಳವಲ್ಲ. ರಾತ್ರಿಯಿಡೀ ನಿಂತು ದುಡಿಯುವ ನರ್ಸಿನ ಮೇಲೆ ಕೂಗಾಡುವವನು ಕನ್ನಡಿಗನೂ ಅಲ್ಲ, ಗಂಡಸೂ ಅಲ್ಲ. ಮೆಲ್ಲಗೆ, ಕನ್ನಡದಲ್ಲಿ ಮೂರು ಮಾತು ಸಾಕು: ‘ಅಕ್ಕಾರ, ಇದೇನ್ರಿ? ಯಾಕ ಹಾಕಾಕತ್ತೀರಿ? ಯಾವಾಗ ತಗೀತೀರಿ?’ ಏಳನೇ ತಿಂಗಳಲ್ಲೇ ಈ ಮೂರನ್ನೂ ನಿಮ್ಮ ಮನೆಯ ಹೆಣ್ಣುಮಗಳಿಗೆ ಕಲಿಸಿ. ಜತೆಗಿರುವ ತಾಯಿಗೂ ಕಲಿಸಿ.

ಸಂಘ ಕಟ್ಟಿದ ಹುಡುಗರಿಗೆ ಒಂದು ಕೆಲಸ. ನವೆಂಬರಿನಲ್ಲಿ ಬಾವುಟ ಹಾರಿಸಿದ ಮಾರನೆಯ ದಿನ ನಿಮ್ಮೂರ ಹೆರಿಗೆ ಆಸ್ಪತ್ರೆಗೆ ಹೋಗಿ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿದೆ ನೋಡಿ. ಕನ್ನಡದಲ್ಲಿ ಇಲ್ಲದಿದ್ದರೆ ಮುಖ್ಯ ವೈದ್ಯರಿಗೆ ಅರ್ಜಿ ಕೊಡಿ. ಡಾಕ್ಟರು ತಿದ್ದಿಕೊಟ್ಟ ಒಂದು ಪುಟ ಸಾಕು. ಅಕ್ಷರ ಜೋಡಿಸಿ ಅಚ್ಚು ಹಾಕುವುದು ಯಾವ ಪ್ರೆಸ್ಸಿನವನಿಗೂ ಅರ್ಧ ದಿನದ ಕೆಲಸ.