ಹೊರಗಿನ ಪ್ರೀಆಂಪ್ ಯಾರಿಗೆ ಬೇಕು?

ಡಿಜಿಟಲ್ ಮಿಕ್ಸರ್ ಕೊಂಡ ಸೌಂಡ್‌ನವರಲ್ಲಿ ಬೇಗನೆ ಹುಟ್ಟುವ ಆಸೆ ಇದು: ಹಾಡುಗಾರರ ಮೈಕಿಗಾದರೂ ಒಂದು ಒಳ್ಳೆಯ ಹೊರಗಿನ ಪ್ರೀಆಂಪ್ ಹಾಕಿದರೆ ಹೇಗೆ? ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವಂತಿಲ್ಲ. 1970ರಲ್ಲಿ ಬಂದ ನೀವ್ 1073ರ ಟ್ರಾನ್ಸ್‌ಫಾರ್ಮರ್ ದನಿಗೆ ಕೊಡುವ ತುಂಬುತನಕ್ಕೆ ಸ್ಟುಡಿಯೊಗಳಲ್ಲಿ ಇಂದಿಗೂ ಬೆಲೆಯಿದೆ.

ಗೇನ್ ವಿಷಯದಲ್ಲಿ ಅನುಕೂಲ ಇನ್ನೂ ಸ್ಪಷ್ಟ. ಹಳೆಯ ರಿಬ್ಬನ್ ಮೈಕಿನ ಸಿಗ್ನಲ್ ತೀರ ಕ್ಷೀಣ. ಅದನ್ನು ವೀಣೆಯ ಮುಂದಿಟ್ಟರೆ 60 ಡಿಬಿಗೂ ಹೆಚ್ಚು ಗೇನ್ ಬೇಕಾಗಬಹುದು. ಮಿಕ್ಸರಿನ ಪ್ರೀಆಂಪನ್ನು ಅಷ್ಟು ಎಳೆದರೆ ಅದರದೇ ಸುಯ್ಯೆನ್ನುವ ಸದ್ದು ಮೇಲೇಳುತ್ತದೆ. ವೇದಿಕೆಯ ಪಕ್ಕದಲ್ಲೇ ಪ್ರೀಆಂಪ್ ಇಟ್ಟರೆ ಉದ್ದದ ಕೇಬಲಿನಲ್ಲಿ ಬಲವಾದ ಲೈನ್ ಸಿಗ್ನಲ್ ಸಾಗುತ್ತದೆ ಎಂಬುದೂ ನಿಜ. ಡಿಜಿಟಲ್ ಸ್ಟೇಜ್‌ಬಾಕ್ಸ್ ಇದ್ದವರಿಗೆ ಮಾತ್ರ ಈ ಲಾಭ ಲೆಕ್ಕಕ್ಕಿಲ್ಲ.

ತೊಡಕಿರುವುದು ಜೋಡಿಸುವಲ್ಲಿ. ಬೆರಿಂಗರ್ ಎಕ್ಸ್32 ತೆಗೆದುಕೊಳ್ಳಿ. ಅದರ 32 ಎಕ್ಸ್‌ಎಲ್‌ಆರ್ ಇನ್‌ಪುಟ್‌ಗಳೂ ಒಳಗಿನ ಪ್ರೀಆಂಪ್ ದಾಟಿಯೇ ಹೋಗುತ್ತವೆ. ಅಂದರೆ ದುಡ್ಡು ಕೊಟ್ಟು ತಂದದ್ದರ ಮುಂದೆ ಇನ್ನೊಂದು ಪ್ರೀಆಂಪ್ ಕೂತೇ ಇರುತ್ತದೆ. ಅದರ ಗೇನ್ ತಗ್ಗಿಸಿ, 48 ವೋಲ್ಟಿನ ಫ್ಯಾಂಟಮ್ ಆರಿಸಿದರೆ ಕೆಲಸ ನಡೆಯುತ್ತದೆ. ಹೊರಗಿನದರ ಗುಣವೇನೂ ಅಳಿಸಿಹೋಗದು. ಪ್ರೀಆಂಪ್ ತಪ್ಪಿಸಲೇಬೇಕೆಂದರೆ 6 ಆಕ್ಸ್ ಇನ್‌ಪುಟ್‌ಗಳಿವೆ.

ಎಡಾಟ್ ದಾರಿಯೂ ಉಂಟು, ಅದಕ್ಕೆ ಬೇರೆ ಕಾರ್ಡ್ ಬೇಕು. ಒಂದೇ ಆಪ್ಟಿಕಲ್ ಕೇಬಲಿನಲ್ಲಿ 48 ಕಿಲೋಹರ್ಟ್ಸ್‌ನ 8 ಚಾನೆಲ್ ಬರುತ್ತವೆ. ಚಾನೆಲ್ ಸಾಲದವರಿಗೆ ಇದು ಒಳ್ಳೆಯ ಉಪಾಯವೇ. ಆದರೆ ಎರಡೂ ಯಂತ್ರಗಳು ಒಂದೇ ಕ್ಲಾಕಿನ ತಾಳಕ್ಕೆ ನಡೆಯಬೇಕು. ತನ್ನ ಲೆಕ್ಕ ತನಗೆಂದು ಎರಡೂ ಓಡಿದರೆ ನಡುನಡುವೆ ಟಿಕ್ ಟಿಕ್ ಸದ್ದು ಖಚಿತ. ಸಮಯದ ಅಂತರವೂ ಕಾಡೀತು. ಮೃದಂಗದ ಒಂದು ಮುಖದ ಮೈಕ್ ಒಳದಾರಿಯಲ್ಲಿ, ಇನ್ನೊಂದು ಮುಖದ್ದು ಹೊರದಾರಿಯಲ್ಲಿ ಬಂದು 1 ಮಿಲಿಸೆಕೆಂಡ್ ತಡವಾಯಿತೆನ್ನಿ: ಆ ಮೈಕನ್ನು ಸುಮಾರು 34 ಸೆಂಟಿಮೀಟರ್ ದೂರ ಸರಿಸಿದ ಹಾಗೆ. ಎರಡೂ ಬೆರೆತಾಗ ನಾದ ತೆಳುವಾಗುತ್ತದೆ. ಬೇಗ ಬಂದ ಚಾನೆಲ್ಲಿಗೆ ಡಿಲೇ ಕೊಟ್ಟು ಸರಿಮಾಡಬಹುದು, ಆದರೆ ಅದು ನೆನಪಿರಬೇಕಲ್ಲ!

ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು ಸೀನ್ ರೀಕಾಲ್ ಪ್ರಶ್ನೆ. ರಾಮನವಮಿಯ ಕಛೇರಿ ಸರಣಿಯಲ್ಲಿ ಕಲಾವಿದರು ಬದಲಾಗುತ್ತಲೇ ಇರುತ್ತಾರೆ. ಹಿಂದೆ ಉಳಿಸಿಟ್ಟ ಸೀನ್ ಕರೆದರೆ ಮಿಕ್ಸರಿನ ಗೇನ್‌ಗಳು ತಾವಾಗಿ ಸ್ವಸ್ಥಾನಕ್ಕೆ ಬರುತ್ತವೆ. ಹೊರಗಿನ ಅನಲಾಗ್ ಪ್ರೀಆಂಪಿನ ಗುಂಡಿಯನ್ನು ಮಾತ್ರ ಕೈಯಲ್ಲೇ ತಿರುಗಿಸಬೇಕು. ಅದು ವೇದಿಕೆಯ ಪಕ್ಕದಲ್ಲಿದ್ದರಂತೂ ಸಭಿಕರ ನಡುವೆ ಓಡಬೇಕು.

ಹೀಗಾಗಿ ಸ್ಟುಡಿಯೊದಲ್ಲಿ ಒಂದೆರಡು ಒಳ್ಳೆಯ ಪ್ರೀಆಂಪ್ ಇಟ್ಟುಕೊಳ್ಳುವವರ ಪಕ್ಷ ನನ್ನದು. ಪೆಂಡಾಲಿನ ಕಛೇರಿಗೆ ಬೇಡ. ಅಲ್ಲಿ ಅದೇ ಹಣಕ್ಕೆ ಒಳ್ಳೆಯ ಮೈಕ್ ಕೊಂಡರೆ ಕೇಳುಗರಿಗೆ ವ್ಯತ್ಯಾಸ ಹೆಚ್ಚು ತಿಳಿಯುತ್ತದೆ. ಆದರೂ ಮನಸ್ಸು ತಡೆಯದಿದ್ದರೆ ಮೊದಲು ಬಾಡಿಗೆಗೆ ತನ್ನಿ. ಎರಡು ಪ್ರೀಆಂಪ್‌ಗಳ ಮಟ್ಟವನ್ನೂ ಸರಿಸಮ ಮಾಡಿ, ಯಾವುದು ಯಾವುದೆಂದು ತಿಳಿಯದಂತೆ ಬೇರೆಯವರಿಂದ ಹಾಕಿಸಿ ಕೇಳಿ. ಕೊಂಚ ಜೋರಾಗಿರುವುದೇ ಕಿವಿಗೆ ಚೆಂದ ಎನಿಸುವುದರಿಂದ, ಮಟ್ಟ ಸಮ ಮಾಡದೆ ಆಡಿದ ತೀರ್ಪನ್ನು ನಂಬಬೇಡಿ.