ಒಲೆಯ ಪಾಳಿ ಯಾರದು?

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿ ನಮ್ಮ ಹಿರಿಯರು ಎಷ್ಟೋ ಪಂಚಾಯ್ತಿ ಮುಗಿಸಿದ್ದಾರೆ. ಆ ಊಟ ಬೇಯಿಸಿದವರು ಯಾರು, ಉಂಡ ಗಂಗಾಳ ತೊಳೆದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಜಗಳ ಹುಟ್ಟಿದ್ದೇ ಅಲ್ಲಿ!

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಉಳಿದಿರುವ ಕೈಮಗ್ಗಗಳನ್ನು ನೋಡಿರಿ. ಗಂಡ ಮಗ್ಗದ ಕುಣಿಯಲ್ಲಿ ಕುಳಿತು ಸೀರೆ ನೇಯುತ್ತಾನೆ. ಹೆಂಡತಿ ನಸುಕಿನಲ್ಲೆದ್ದು ನೀರು ತುಂಬಿ, ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ, ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಾಳೆ. ಕಂಡಿಕೆ ಇಲ್ಲದೆ ಲಾಳಿ ಓಡದು. ಆದರೂ ಸಾವಕಾರ ಮಜೂರಿ ಎಣಿಸುವುದು ಸೀರೆಯ ಲೆಕ್ಕದಲ್ಲಿ, ಗಂಡನ ಕೈಗೆ. ಸಂಜೆ ಮಗ್ಗ ನಿಂತಿತೆಂದರೆ ಅವನ ದಿನ ಮುಗಿಯಿತು. ಅವಳಿಗೆ ಒಲೆಯ ಪಾಳಿ ಆರಂಭ. “ಒಂದೆರಡು ಕೊಡಾ ನೀವು ತರ್ರಿ” ಎಂದಳೋ, ಅವಳು ಜಗಳಗಂಟಿ. ಹಿರಿಯರ ತೀರ್ಪು ಮೊದಲೇ ಸಿದ್ಧ: “ಹೊಂದಿಕೊಂಡು ಹೋಗವ್ವಾ ತಂಗಿ.”

ರೋಣದ ವ್ಯಾಪಾರಿ ಬಂಧುಗಳೇ, ನಿಮ್ಮ ಕೀರ್ದಿಯಲ್ಲಿ ಕಾಲು ಕಿಲೋ ಬೆಲ್ಲದ ಉದ್ದರಿಯೂ ಬರೆದಿರುತ್ತದೆ. ನೀವು ಉಣ್ಣಲು ಒಳಗೆ ಹೋದಾಗ ಗಲ್ಲೆ ಕಾಯುವವಳ ತಾಸುಗಳು ಯಾವ ಪುಟದಲ್ಲಿವೆ? ನರಗುಂದದಲ್ಲಿ 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಹೂಡಿದಾಗ ಹೆಂಗಸರೂ ಬಂದು ಕುಳಿತರು. ನಾವು ನೀರನ್ನು ಟಿ.ಎಂ.ಸಿ. ಲೆಕ್ಕದಲ್ಲಿ ಕೇಳಿದೆವು, ಅವಳು ಹೊರುವುದು ಕೊಡದ ಲೆಕ್ಕದಲ್ಲಿ.

ಕೇಂದ್ರ ಸರಕಾರವೇ 2019ರಲ್ಲಿ ದೇಶದ ಜನರ ದಿನಚರಿಯ ಲೆಕ್ಕ ತೆಗೆಯಿತು. ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಚ್ಚಿದ ಹೆಂಗಸರು ಶೇಕಡಾ 81.2, ಗಂಡಸರು 26.1. ಕೈಹಚ್ಚಿದವರಲ್ಲೂ ಹೆಂಗಸಿಗೆ ಸರಾಸರಿ 299 ನಿಮಿಷ, ಗಂಡಸಿಗೆ 97. ಐದು ತಾಸಿಗೆ ಒಂದೇ ನಿಮಿಷ ಕಡಿಮೆ; ಪಗಾರವಿಲ್ಲ, ವಾರದ ರಜೆಯಿಲ್ಲ. ಕಾರ್ಖಾನೆಯ ದಿನವನ್ನು 12 ತಾಸಿಗೆ ಏರಿಸಲು ಕರ್ನಾಟಕ ಸರಕಾರ 2023ರಲ್ಲಿ ಕಾಯಿದೆ ತಿದ್ದಿದಾಗ ಕಾಮಗಾರ ಸಂಘಗಳು ಕೆರಳಿದವು. ಕೆರಳಲೇಬೇಕಾಗಿತ್ತು. ಆದರೆ ಗಿರಣಿಯ ಬಾಗಿಲಲ್ಲಿ ಎಂಟು ತಾಸಿನ ಘೋಷಣೆ ಕೂಗಿದ ಸಂಗಾತಿ ಮನೆಗೆ ಬಂದು ಕಾಲು ಚಾಚಿ “ಚಹಾ ಎಲ್ಲಿ?” ಎಂದು ಗುಡುಗಿದರೆ, ಆ ಮನೆಯಲ್ಲಿ ಮಾಲೀಕ ಯಾರು?

ಅಡಿಗೆ ಗಂಡಸಿನ ಕೆಲಸವಲ್ಲ ಎಂಬುದು ಬರೀ ನೆವ. ಹೊಟೇಲಿನಲ್ಲಿ, ಮದುವೆಯ ಪಾಕಶಾಲೆಯಲ್ಲಿ ಸೌಟು ಹಿಡಿಯುವವರು ಹೆಚ್ಚಾಗಿ ಗಂಡಸರೇ. ದುಡ್ಡು ಬರುವಲ್ಲಿ ಹೋಗದ ಗಂಡಸುತನ ಸ್ವಂತ ಒಲೆಯ ಮುಂದೆ ಹೋಗಿಬಿಡುತ್ತದೆಯೇ? ಇನ್ನು ಹೆಂಡತಿ ಎದುರಾಡಬಾರದೆನ್ನುವ ಶರಣಭಕ್ತರಿಗೊಂದು ಮಾತು: ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಅವನು ತಿರುಗಿ ಹೋಗಿ ಸುರಿದು ಬಂದ. ಹಿರಿಯರನ್ನು ಕರೆಸಲಿಲ್ಲ.

ಆದ್ದರಿಂದ, ಜಗಳವಾದಾಗ ಅವಳನ್ನು ತವರಿಗೆ ಅಟ್ಟಬೇಡಿರಿ; ಹಾಳೆ ತೆಗೆದು ಇಬ್ಬರ ತಾಸುಗಳನ್ನೂ ಬರೆಯಿರಿ. “ಕೈಗೂಡಿಸುತ್ತೇನೆ” ಎಂಬ ಉಪಕಾರದ ಮಾತು ಬೇಡ. ನೀರೋ ಪಾತ್ರೆಯೋ, ಒಂದು ಕೆಲಸವನ್ನು ಪೂರ್ತಿಯಾಗಿ ಹೊರಿರಿ. ನೇಕಾರ ಬಂಧುಗಳು ಸಾವಕಾರನ ವಹಿಯಲ್ಲಿ ಕಂಡಿಕೆಯ ಮಜೂರಿಯನ್ನು ಬೇರೆಯಾಗಿ, ಅವಳ ಹೆಸರಿಗೇ ಬರೆಯಿಸಲು ಹೋರಾಡಲಿ. ಇಂದು ಸಂಜೆಯ ಬೋಗುಣಿ-ಗಂಗಾಳಕ್ಕೆ ಮಾತ್ರ ಆ ಹೋರಾಟದ ಗೆಲುವನ್ನು ಕಾಯಬೇಕಾಗಿಲ್ಲ.